ಗೋವಾ ನಂಬರಿನ ಗಾಡಿ ನನಗೇಕೆ ಬೇಡ

ಗೋವಾ ಪಕ್ಕದಲ್ಲೇ ಇದೆ, ಅಲ್ಲಿ ಹಳೆಯ ಗೂಡ್ಸ್ ಗಾಡಿ ಅಗ್ಗಕ್ಕೆ ಸಿಗುತ್ತದೆ, ಒಂದನ್ನು ತಂದು ಓಡಿಸುವುದು ಬಿಟ್ಟು ತಿಂಗಳುಗಟ್ಟಲೆ ಹುಡುಕುತ್ತಾ ಕುಳಿತಿದ್ದೀಯಲ್ಲ, ಹೇಗೂ ಕಾರವಾರದವರು ಅರ್ಧ ಗೋವಾದವರೇ ತಾನೆ ಎಂದು ನೀನು ಕೇಳಿದೆ. ಬೆಂಗಳೂರಿನಲ್ಲಿ ಕುಳಿತು ನಕ್ಷೆ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಕಾಳಿ ಸೇತುವೆ ದಾಟಿ, ಸದಾಶಿವಗಡ ಕಳೆದು, ಮಾಜಾಳಿ ಮುಗಿಯಿತೆಂದರೆ ಗೋವಾದ ಗಡಿಯೂರು ಪೋಳೆಂ ಬಂದೇ ಬಿಡುತ್ತದೆ. ಆದರೆ ಆ ಸ್ವಲ್ಪ ದೂರದೊಳಗೆ ಎಷ್ಟು ಕಾಗದ, ಎಷ್ಟು ಸಂಶಯ, ಎಷ್ಟು ತುಕ್ಕು ಅಡಗಿದೆ ಎಂಬುದು ಗಾಡಿ ಓಡಿಸಿ ಹೊಟ್ಟೆ ಹೊರೆಯುವವರಿಗೇ ಗೊತ್ತು. ಅದಕ್ಕೇ ಇಷ್ಟು ಉದ್ದದ ಉತ್ತರ.

ನಮ್ಮದು ಶಾಮಿಯಾನದ ಕೆಲಸವೆಂದು ನಿನಗೆ ಗೊತ್ತೇ ಇದೆ. ಕಬ್ಬಿಣದ ಪೈಪು, ಕುರ್ಚಿ, ದೊಡ್ಡ ಪಾತ್ರೆ, ಒಲೆ. ಮದುವೆ ಇತ್ತ ಚಿತ್ತಾಕುಲದಲ್ಲಿ ಆದರೆ ಬೀಗರೂಟ ಅತ್ತ ಗೋವಾದ ಕಾಣಕೋಣದಲ್ಲಿ. ನೆಂಟಸ್ತಿಕೆಗೆ ಗಡಿ ಇಲ್ಲ, ಗಾಡಿಗೆ ಇದೆ. ನಮಗೆ ದೊಡ್ಡ ಲಾರಿ ಬೇಡ. ಟಾಟಾ ಏಸ್ ಅಥವಾ ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥದ್ದು ಸಾಕು. ಸರಕು ತುಂಬಿದ ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ. ಎರಡು ರಾಜ್ಯಗಳ ನಡುವೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ. ಆದ್ದರಿಂದ ಯಾವ ಗಾಡಿ ನೋಡಲು ಹೋದರೂ ನಾನು ಆರ್‌ಸಿಯಲ್ಲಿ ಮೊದಲು ಓದುವುದು ಆ ತೂಕದ ಸಾಲನ್ನೇ.

ಎಂಜಿನ್ ವಿಷಯ ನಿನಗೂ ಗೊತ್ತಿರುವಂಥದ್ದೇ. ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಬೇಕು, ಹೊಗೆಯ ಬಣ್ಣ ನೋಡಬೇಕು, ಮೀಟರನ್ನು ನಂಬಬಾರದು, ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂದು ನೋಡಬೇಕು. ನಂಬಿಕೆಯ ಮೆಕ್ಯಾನಿಕ್ ಒಬ್ಬ ಜೊತೆಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಅದು. ಘಟ್ಟ ಹತ್ತುವಾಗ ಎಲ್ಲರೂ ಪರೀಕ್ಷೆ ಮಾಡುತ್ತಾರೆ. ನಾನು ಇಳಿಯುವಾಗ ನೋಡುತ್ತೇನೆ. ಅರಬೈಲ್ ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಇಳಿಸುವಾಗ ಗೇರ್ ತಾನಾಗಿ ಕಳಚಿಕೊಂಡರೆ ಆ ಗಾಡಿ ನಮಗಲ್ಲ.

ನಮ್ಮ ಕರಾವಳಿಯ ನಿಜವಾದ ಶತ್ರು ಉಪ್ಪು. ಅದರಲ್ಲೂ ಮೀನು ಸಾಗಿಸಿದ ಗಾಡಿ. ಬೈತಖೋಲ ಬಂದರಿನಲ್ಲಿ ಮೀನು ತುಂಬುವಾಗ ಒಮ್ಮೆ ನಿಂತು ನೋಡು. ಬುಟ್ಟಿಯ ಮೇಲೆ ಬುಟ್ಟಿ, ನಡುವೆ ಮಂಜುಗಡ್ಡೆ. ಗಾಡಿ ಹೊರಟ ಕ್ಷಣದಿಂದ ಮಂಜು ಕರಗುತ್ತದೆ, ಆ ಉಪ್ಪುನೀರು ಬಾಡಿಯ ತಗಡಿನ ಸಂದಿನಿಂದ ಹನಿಹನಿಯಾಗಿ ಚಾಸಿಯ, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟಿನ, ಮೇಲೆ ಇಳಿಯುತ್ತದೆ. ಮೇಲಿನಿಂದ ತೊಳೆಯುತ್ತಾರೆ, ಕೆಳಗೆ ಯಾರು ತೊಳೆಯುತ್ತಾರೆ? ಮಾರುವ ಹೊತ್ತಿಗೆ ಹೊರಗೆ ಬಣ್ಣ, ಒಳಗೆ ಫಿನಾಯಿಲ್, ಕೆಳಗೆ ಮಿರಿಮಿರಿ ಹೊಳೆಯುವ ಕಪ್ಪು ಪೇಂಟು. ಹಳೆಯ ಗಾಡಿಯ ತಳಕ್ಕೆ ಹೊಸ ಕಪ್ಪು ಬಣ್ಣ ಹಚ್ಚಿದ್ದು ಕಂಡರೆ ಅಲ್ಲೇ ನಿಲ್ಲಬೇಕು.

ಗೋಣಿಚೀಲ ಹಾಸಿ ಅಡಿಗೆ ಹೋಗಬೇಕು, ಕೈಯಲ್ಲಿ ಟಾರ್ಚು ಮತ್ತು ಒಂದು ಸ್ಕ್ರೂ ಡ್ರೈವರ್. ಹಿಂದಿನ ಚಕ್ರದ ಬಳಿ, ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಬಿಗಿಯುವ ಬ್ರ್ಯಾಕೆಟ್ ಇರುತ್ತದೆಯಲ್ಲ, ಅದರ ಮೇಲಂಚಿನಲ್ಲಿ ಮಣ್ಣು ಕೂರುತ್ತದೆ, ಮಣ್ಣಿನಲ್ಲಿ ಉಪ್ಪುನೀರು ನಿಲ್ಲುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ. ಆ ಮಣ್ಣನ್ನು ಕೆರೆದು ತೆಗೆದು, ಸ್ಕ್ರೂ ಡ್ರೈವರಿನ ಹಿಡಿಯಿಂದ ಚಾಸಿಯುದ್ದಕ್ಕೂ ತಟ್ಟುತ್ತಾ ಬರಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗಿ ನುಂಗಿದಂತೆ ಕೇಳುತ್ತದೆ. ಆ ಮಂಕು ಸದ್ದು ಬಂದ ಕಡೆ ತುದಿಯಿಂದ ಒತ್ತಿದರೆ ಹಪ್ಪಳದಂತೆ ಕಳಚಿ ಬರುತ್ತದೆ. ಮಾರುವವನು ಬೇಡವೆಂದು ಕೈ ಹಿಡಿದರೆ ಉತ್ತರ ಸಿಕ್ಕಿತೆಂದೇ ಲೆಕ್ಕ. ಬ್ರೇಕ್ ಎಣ್ಣೆಯ ಕೊಳವೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಚಾಸಿ ಬೆಸುಗೆ ಹಾಕಿಸಬಹುದು, ಘಟ್ಟದಲ್ಲಿ ಬ್ರೇಕ್ ಕೊಳವೆ ಒಡೆದರೆ ಬೆಸುಗೆಗೆ ಯಾರೂ ಉಳಿಯುವುದಿಲ್ಲ.

ಮುಚ್ಚಿದ ಡಬ್ಬಿಯ ಮೀನು ಗಾಡಿಯಾದರೆ ಇನ್ನೊಂದು ತೊಡಕು. 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆಂಬ ಗದ್ದಲ ಎದ್ದು ಗೋವಾ ಸರ್ಕಾರ ಹೊರರಾಜ್ಯದ ಮೀನನ್ನು ತಡೆದು, ಶಾಖ ತಡೆಯುವ ಡಬ್ಬಿ ಇರುವ ಗಾಡಿಯಲ್ಲೇ ತರಬೇಕೆಂದಿತು. ಅಂಥ ಗಾಡಿಗಳು ಈಗ ಮಾರಾಟಕ್ಕೆ ಸಿಗುತ್ತವೆ. ಗೋಡೆಯ ನಡುವಿನ ಫೋಮಿನೊಳಗೆ ನೀರು ಹೊಕ್ಕಿದ್ದರೆ ಡಬ್ಬಿಯ ತೂಕ ಏರುತ್ತದೆ, ಅಷ್ಟು ಸರಕು ಕಡಿಮೆ ಹೇರಬೇಕಾಗುತ್ತದೆ, ವಾಸನೆಯೂ ಹೋಗುವುದಿಲ್ಲ. ಆ ಡಬ್ಬಿ ಕೂರಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬಂದರು ಖಾಲಿ, ಕಂತು ಕಟ್ಟುವುದು ಕಷ್ಟ, ಗಾಡಿ ಮಾರುವವರು ಹೊರಬರುವುದು ಆಗಲೇ. ಮಳೆಗಾಲದಲ್ಲಿ ವ್ಯಾಪಾರ ಬೇಡವೆಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ತದ್ವಿರುದ್ಧ. ಸೋರುವ ಕ್ಯಾಬಿನ್, ಮಂದವಾದ ವೈಪರ್, ಒದ್ದೆಯಲ್ಲಿ ಒಂದು ಬದಿಗೆ ಎಳೆಯುವ ಬ್ರೇಕ್, ಯಾವುದನ್ನೂ ನಮ್ಮ ಆಷಾಢದ ಮಳೆ ಮುಚ್ಚಿಡಲು ಬಿಡುವುದಿಲ್ಲ.

ಇನ್ನು ಗಡಿ. ಗೋವಾದ ಗಾಡಿಯಾದರೆ ತುಕ್ಕಿಗಿಂತ ಮೊದಲು ನಾನು ಬಾಡಿಯ ಆಳ ಅಳೆಯುತ್ತೇನೆ. ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ. ಎರಡಕ್ಕೂ ಒಂದು ಗೇಣಿನ ವ್ಯತ್ಯಾಸ ಬಂದರೆ ತಳಕ್ಕೆ ಎರಡನೇ ತಗಡು ಕೂರಿಸಿದ್ದಾರೆ ಎಂದರ್ಥ. ಯಾಕೆಂದು ಮಾಜಾಳಿಯ ತಪಾಸಣಾ ನಾಕೆಯಲ್ಲಿ ನಿಂತವರಿಗೆ ಹೇಳಬೇಕಿಲ್ಲ. ಗೋವಾದ ಮದ್ಯ ಅಗ್ಗ, ಕರ್ನಾಟಕದಲ್ಲಿ ದುಬಾರಿ. ಅದನ್ನು ಅಡಗಿಸಿ ತರುವಾಗ ಸಿಕ್ಕಿಬಿದ್ದ ಗಾಡಿಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಂಥ ಪ್ರಕರಣದಲ್ಲಿ ಸಿಕ್ಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡ ಗಾಡಿಯನ್ನು ನೀನು ಕೊಂಡೆ ಎಂದುಕೋ, ದುಡ್ಡು ನಿನ್ನದು, ಗಾಡಿ ನ್ಯಾಯಾಲಯದ್ದು. ಆದ್ದರಿಂದ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯ ಜೊತೆ ಹೋಲಿಸಬೇಕು, ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಬಾಕಿ ದಂಡ, ಸಾಲ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಅವಧಿ ಎಲ್ಲ ನೋಡಬೇಕು, ಅದಾದ ಮೇಲೆ ಪೊಲೀಸ್ ಠಾಣೆಯಲ್ಲೂ ವಿಚಾರಿಸಬೇಕು.

ಇಷ್ಟೆಲ್ಲ ಸರಿಯಾಗಿದೆ ಎಂದುಕೊಂಡರೂ ನಂಬರ್ ಪ್ಲೇಟಿನ ಗೋಳು ಬಾಕಿ ಇದೆ. ನಮ್ಮನ್ನು ನಿತ್ಯ ಅರೆಯುವುದು ಇದೇ. ಮಾರುವವನ ಸಾಲ ತೀರಿ, ಬ್ಯಾಂಕಿನ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ 35ನೇ ನಮೂನೆ ಸಿಗಬೇಕು. ಬಾಕಿ ತೆರಿಗೆ, ದಂಡ ಎಲ್ಲ ಚುಕ್ತಾ ಆಗಿ ಗೋವಾದ ಆರ್‌ಟಿಒ 28ನೇ ನಮೂನೆಯ ಎನ್‌ಒಸಿ, ಅಂದರೆ ಗಾಡಿ ಹೊರಗೆ ಒಯ್ಯಲು ಆಕ್ಷೇಪವಿಲ್ಲವೆಂಬ ಪತ್ರ, ಕೊಡಬೇಕು. ಆಮೇಲೆ ಇತ್ತ ಬಂದು ಹೆಸರು ಬದಲಿಸುವ 29 ಮತ್ತು 30ನೇ ನಮೂನೆ, ವಿಳಾಸದ ಪುರಾವೆ, ಗಾಡಿಯ ತಪಾಸಣೆ, ಕರ್ನಾಟಕದ ತೆರಿಗೆ, ಕೊನೆಗೆ ಕಾರವಾರದ ನಂಬರು ಕೆಎ 30. ಹೇಳುವುದಕ್ಕೆ ನಾಲ್ಕು ಸಾಲು. ಆದರೆ ಒಂದು ಕಡೆ ಬೇಕೆಂದ ಕಾಗದ ಇನ್ನೊಂದು ಕಡೆಯಿಂದ ಬರುವಷ್ಟರಲ್ಲಿ ಎಫ್‌ಸಿ ಮುಗಿಯುತ್ತದೆ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಅದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ಎಫ್‌ಸಿ ಮುಗಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ, ರಸ್ತೆಗೆ ಇಳಿಸದೆ ತಪಾಸಣೆಗೆ ಒಯ್ಯುವಂತಿಲ್ಲ. ಮದುವೆಯ ಮುಹೂರ್ತ ಮಾತ್ರ ಯಾರಿಗೂ ಕಾಯುವುದಿಲ್ಲ. ಗಾಡಿ ಅಂಗಳದಲ್ಲಿ ನಿಂತು ತುಕ್ಕು ಹಿಡಿಯುತ್ತಿರುವಾಗ ಬಾಡಿಗೆ ಗಾಡಿಗೆ ದುಡ್ಡು ಸುರಿಯುವ ಸಂಕಟವನ್ನು ನಮ್ಮ ಕೇರಿಯಲ್ಲಿ ಎಷ್ಟೋ ಮನೆಗಳು ಕಂಡಿವೆ.

ಕಾಣಕೋಣದಲ್ಲಿ ನೆಂಟರಿದ್ದಾರಲ್ಲ, ಅವರ ವಿಳಾಸದಲ್ಲೇ ಇಟ್ಟುಕೊಂಡು ಓಡಿಸು ಎಂದೂ ನೀನು ಹೇಳಿದೆ. ಹಾಗೆ ಮಾಡುವವರು ಇದ್ದಾರೆ, ಅವರ ಕಷ್ಟವೂ ನನಗೆ ಗೊತ್ತು. ಆದರೆ ಕಾಯ್ದೆಯ 47ನೇ ಕಲಂ ಸ್ಪಷ್ಟವಾಗಿದೆ: ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಇಲ್ಲಿನ ನಂಬರಿಗೆ ಅರ್ಜಿ ಹಾಕಬೇಕು. ಹೆಸರು ವರ್ಗಾವಣೆ ಮಾಡಿಸದೆ ಓಡಿಸುವುದು ಇನ್ನೂ ಅಪಾಯ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆಗೆ ಅವನೇ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನನ್ನ ಗಾಡಿಯ ಅಪಘಾತಕ್ಕೆ ಕಾಣಕೋಣದ ನೆಂಟ ನ್ಯಾಯಾಲಯ ಹತ್ತಬೇಕೆ? ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು, ಅದು ನೆನಪಿರುವವರೇ ಕಡಿಮೆ.

ಕಾನೂನು ಒಂದು ಕಡೆ ಇರಲಿ, ನನಗೆ ಕೆಎ 30 ಬೇಕು. ನೀನು ಅರ್ಧ ಗೋವಾದವರು ಎಂದದ್ದು ಚುಚ್ಚಿದ್ದೂ ಅದಕ್ಕೇ. ಪೋಳೆಂ ದಾಟಿದರೆ ಕೆಎ ಕಂಡ ಕೂಡಲೇ ಕೈ ಅಡ್ಡ ಬರುತ್ತದೆ, ನಾವು ಹೊರಗಿನವರು. ಜಿಎ ಪ್ಲೇಟ್ ಹಾಕಿಕೊಂಡು ಈ ಕಡೆ ಬಂದರೆ ಪೈಪಿನ ಕಟ್ಟು ಬಿಚ್ಚಿಸಿ, ಪಾತ್ರೆಯ ಮುಚ್ಚಳ ತೆಗೆಸಿ ಬಾಟಲಿ ಹುಡುಕುತ್ತಾರೆ. ಚುನಾವಣೆ ಬಂತೆಂದರೆ ಎರಡೂ ಕಡೆ ಇಳಿಸಬೇಕು, ಏರಿಸಬೇಕು. ಬೆಂಗಳೂರಿಗೆ ಬಂದರೆ ನಮ್ಮ ಮಾತಿನ ಧಾಟಿ ಕೇಳಿ ನಿಮ್ಮಲ್ಲಿ ಕನ್ನಡ ಮಾತನಾಡುತ್ತಾರಾ ಎಂದು ಕೇಳುತ್ತಾರೆ. ಮನೆಯಲ್ಲಿ ಕೊಂಕಣಿ ಆಡುತ್ತೇವೆ, ಹೌದು. ಶಾಲೆ ಕಲಿತದ್ದು ಕನ್ನಡದಲ್ಲಿ, ಪತ್ರಿಕೆ ಓದುವುದು ಕನ್ನಡದಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕಿಸುವುದು ಕನ್ನಡದಲ್ಲಿ, ಜಗಳ ಬಂದರೆ ಅರ್ಜಿ ಬರೆಯುವುದೂ ಕನ್ನಡದಲ್ಲೇ. 1956ರ ನವೆಂಬರ್ 1ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು; ಆಮೇಲೆ ಮಹಾರಾಷ್ಟ್ರ ಕಾರವಾರ ತನ್ನದೆಂದಿತು, 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಅದನ್ನು ಒಪ್ಪಲಿಲ್ಲ. ಮೈಸೂರು ರಾಜ್ಯ ಸೇರಿದ ಮೇಲೂ 1961ರವರೆಗೆ ಪೋಳೆಂ ಆಚೆ ಪೋರ್ಚುಗೀಸರ ಆಳ್ವಿಕೆ ಇತ್ತು. ಇಷ್ಟೆಲ್ಲ ಎಳೆದಾಟದ ನಡುವೆ ಇಲ್ಲೇ ನಿಂತವರು ನಾವು. ತಲೆಗೆ ಪೆಟ್ಟಾದವನನ್ನು ಇಂದಿಗೂ ಮಣಿಪಾಲದ ಆಸ್ಪತ್ರೆಗೋ ಗೋವಾದ ಬಾಂಬೋಳಿಯ ಆಸ್ಪತ್ರೆಗೋ ಒಯ್ಯುತ್ತೇವೆಂದರೆ ಅದು ನಮ್ಮ ಸರ್ಕಾರಗಳು ಉತ್ತರಿಸಬೇಕಾದ ಪ್ರಶ್ನೆ, ನಮ್ಮ ನಿಷ್ಠೆಯ ಪ್ರಶ್ನೆಯಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಚಾಲಕನನ್ನು ನೀರಿನಿಂದ ಎತ್ತಿದವರಲ್ಲಿ ಇಲ್ಲಿನ ಮೀನುಗಾರರೂ ಇದ್ದರು. ಆ ಲಾರಿ ಗೋವಾ ಕಡೆಯಿಂದ ಬರುತ್ತಿತ್ತು, ಚಾಲಕ ತಮಿಳುನಾಡಿನವನು. ಯಾವ ರಾಜ್ಯದ ನಂಬರೆಂದು ಅವರು ಕೇಳಲಿಲ್ಲ. ಕೇಳುವವರು ದೂರದಲ್ಲಿ ಕುಳಿತವರು.

ಈಗ ಶಿರಸಿಯಲ್ಲಿ ಒಂದು ಗಾಡಿ ನೋಡಿದ್ದೇನೆ. ಕೆಎ 31, ಅಡಿಕೆ ಚೀಲ ಸಾಗಿಸುತ್ತಿದ್ದದ್ದು, ಮೀನಿನ ನೀರು ಕಂಡದ್ದಲ್ಲ. ತಳದಲ್ಲಿ ಕೆಂಪು ಮಣ್ಣು ಹಾಗೇ ಇದೆ, ಬಣ್ಣ ಬಳಿದಿಲ್ಲ, ತಟ್ಟಿದರೆ ಎಲ್ಲ ಕಡೆ ಟಣ್ ಎನ್ನುತ್ತದೆ. ಸಾಲ ತೀರಿದೆ. ರಾಜ್ಯ ಬದಲಾಗದ ಕಾರಣ ನಂಬರ್ ಬದಲಿಸಬೇಕಿಲ್ಲ, ಹೆಸರು ಬದಲಿಸಿದರೆ ಸಾಕು. ಕ್ಲಚ್ ಸ್ವಲ್ಪ ದಣಿದಿದೆ, ಘಟ್ಟದ ಮೇಲಿನ ಗಾಡಿಗೆ ಅದು ಇದ್ದದ್ದೇ. ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿದ್ದೇನೆ. ಗೋವಾದ್ದಕ್ಕಿಂತ ದುಬಾರಿಯೇ. ದೇವಿಮನೆ ಘಟ್ಟದಲ್ಲಿ ಇಳಿಸಿ ನೋಡಿ, ಬ್ರೇಕ್ ನಂಬುವಂತಿದ್ದರೆ ಮುಂಗಡ ಕೊಟ್ಟೇ ಬರುತ್ತೇನೆ.