ರೊಂಸಾರ್‌ನ ಸಾಲಿಗೆ 14 ಅಲ್ಲ, 12 ಬರುತ್ತದೆ

ಸರ್, ಫ್ರೆಂಚ್ ಕವಿ ರೊಂಸಾರ್ ಎಲೆನ್ ಎಂಬಾಕೆಗೆ ಬರೆದು 1578ರಲ್ಲಿ ಪ್ರಕಟಿಸಿದ ಸಾನೆಟ್‌ನ ಮೊದಲ ಸಾಲಿಗೆ 14 ಅಕ್ಷರ (ಉಚ್ಚಾರದ ತುಂಡು, ಸಿಲಬಲ್) ಎಣಿಸಿ, ಅಲೆಕ್ಸಾಂದ್ರಿನ್, ಅಂದರೆ 12 ಅಕ್ಷರದ ಸಾಲು, ಕೆಟ್ಟಿದೆ ಅಂದಿದ್ದೀರಿ. ಸಾಲು ಸರಿಯಾಗಿಯೇ ಇದೆ. ಬರಹ ನೋಡಿಕೊಂಡು ಎಣಿಸಿದರೆ ಹೀಗೇ ಆಗುವುದು, ನಾನೂ ಇದೇ ತಪ್ಪು ಮಾಡಿದವನು. ಬಾಯಿಬಿಟ್ಟು ಓದಿ:

ಕಾಂ-ವು-ಸ-ರೆ-ಬ್ಯೆಂ-ವ್ಯೆ | ಯೋ-ಸ್ವಾರ್-ಆ-ಲ-ಶಾಂ-ದೆಲ್

ಆರಕ್ಕೆ ಯತಿ, ಮತ್ತೆ ಆರು. 'ವ್ಯೆಯ್' ಕೊನೆಯ ಮೂಕ ಸ್ವರ (ಬರಹದಲ್ಲಿದ್ದು ಮಾತಿನಲ್ಲಿ ಸಾಮಾನ್ಯವಾಗಿ ಕೇಳಿಸದ e) ಮುಂದಿನ 'ಓ'ದಲ್ಲಿ ಲೋಪವಾಗುತ್ತದೆ. 'ಶಾಂದೆಲ್' ಕೊನೆಯದು ಸಾಲಿನ ತುದಿಯಲ್ಲಿದೆ, ತುದಿಯದನ್ನು ಎಂದೂ ಎಣಿಸಬೇಡಿ. ನಿಮ್ಮ ಹೆಚ್ಚುವರಿ ಎರಡು ಇವೇ. ಹಾಗಂತ ಎಲ್ಲ ಮೂಕ ಸ್ವರವನ್ನೂ ಹಾರಿಸಿದರೆ ಇನ್ನೊಂದು ಕಡೆ ಬೀಳುತ್ತೀರಿ. ಮುಂದೆ ವ್ಯಂಜನ ಬಂದರೆ ಅದು ಎಣಿಕೆಗೆ ಸೇರಲೇಬೇಕು. ಇದೇ ಪದ್ಯದ ಕೊನೆಯ ಅರ್ಧಸಾಲು ನೋಡಿ: ಲೆ-ರೋ-ಜ-ದ-ಲ-ವೀ. ಆ 'ಜ' ಬಿಟ್ಟರೆ ಐದೇ ಆಗುತ್ತದೆ.

ದಯವಿಟ್ಟು ಲಘು-ಗುರು ಹಾಕಬೇಡಿ. ಫ್ರೆಂಚಿನಲ್ಲಿ ಮಾತ್ರೆಯ ಲೆಕ್ಕವೇ ಇಲ್ಲ, ಅಕ್ಷರಸಂಖ್ಯೆ ಮತ್ತು ಯತಿ ಅಷ್ಟೇ. ತಾನಾಗಿ ಎಣಿಸಿಕೊಡುವ ಆ್ಯಪ್‌ಗಳನ್ನೂ ನಂಬಬೇಡಿ, ಅಕ್ಷರ ಒಡೆಯುವ ಕಡೆ ಎಡವುತ್ತವೆ. ಇನ್ನೊಬ್ಬ ಫ್ರೆಂಚ್ ಕವಿ ಬೋದಲೇರ್‌ನ 'ಕೊರೆಸ್ಪೊಂದಾಂಸ್' ಪದ್ಯದಲ್ಲಿ 'ಎಕ್ಸ್‌ಪಾಂಸ್ಯೋಂ' ಅಂತ ಮಾತಿನ ಹಾಗೆ ಓದಿದರೆ ಆ ಪದವಿರುವ ಸಾಲಿಗೆ 11 ಸಿಗುತ್ತದೆ. 'ಸಿ-ಓಂ' ಎಂದು ಒಡೆದರೆ 12, ಯತಿಯೂ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಒಂದು ಕಡಿಮೆ ಬಿದ್ದಾಗ ಮೊದಲು ಹುಡುಕಬೇಕಾದ್ದು ಇದನ್ನೇ. ಆದರೆ ಬೇಕಾದಲ್ಲೆಲ್ಲ ಒಡೆಯುವ ಹಾಗಿಲ್ಲ: ರೊಂಸಾರ್‌ನ ಇದೇ ಸಾನೆಟ್‌ನ 'ಫ್ಯೇರ್ ದೆದೇಂ'ನಲ್ಲಿ 'ಫ್ಯೇರ್' ಒಂದೇ ಅಕ್ಷರ.

ಈ ಸಾನೆಟ್‌ನ ಪ್ರಾಸ ಎಬಿಬಿಎ ಎಬಿಬಿಎ ಸಿಸಿಡಿ ಇಇಡಿ (ಒಂದೇ ಗುರುತಿನ ಸಾಲುಗಳು ಒಂದೇ ಪ್ರಾಸದವು), ನಿಮ್ಮ ಗುರುತು ಸರಿ. ಅಷ್ಟಕ್ಕೇ ನಿಲ್ಲಿಸಬೇಡಿ. ಮೂಕ ಸ್ವರದಲ್ಲಿ ಮುಗಿಯುವ ಸ್ತ್ರೀಪ್ರಾಸ, ಉಳಿದದ್ದು ಪುಂಪ್ರಾಸ; ಇಲ್ಲಿ ಎ, ಡಿ ಸ್ತ್ರೀ, ಬಿ, ಸಿ, ಇ ಪುಂ. ಹೊಸ ಪ್ರಾಸ ಬಂದಾಗೆಲ್ಲ ಲಿಂಗ ಬದಲಾಗುತ್ತದೆ, ಬದಲಾಗದಿದ್ದರೆ ನಿಮ್ಮ ಗುರುತನ್ನು ಮತ್ತೆ ನೋಡಿ. ಪ್ರಾಸದ ತೂಕ ಧ್ವನಿಯಲ್ಲಿ ಅಳೆಯಿರಿ: ಅಕ್ರುಪೀ/ವೀ ಒಂದೇ ಧ್ವನಿ, ಬಡಪ್ರಾಸ, ಶಾಂದೆಲ್/ಬೆಲ್ ಎರಡು, ಸಾಕಷ್ಟು, ಸೊಮೆಯಾಂ/ರೆವೆಯಾಂ ಮೂರು, ಶ್ರೀಮಂತ. ಇದಕ್ಕೆ ಉಚ್ಚಾರ ಕೊಡುವ ಪೆಟಿ ರೊಬೆರ್ ನಿಘಂಟು ಒಳ್ಳೆಯದು. ಆದರೆ ಅದು ಕೊಡುವುದು ಈಗಿನ ಉಚ್ಚಾರ. ಇಲ್ಲಿನ ಸಿ ಪ್ರಾಸ 'ಓಸ್'/'ರಪೋ' ಕೂಡಲಿಲ್ಲವೆಂದು 16ನೇ ಶತಮಾನದ ಕವಿಯ ಮೇಲೆ ತಪ್ಪು ಹೊರಿಸಬೇಡಿ.

ಇನ್ನೊಂದು. ಇದೇ ಪದ್ಯದ 'ಕಿ ಓ ಬ್ರುಯಿ' ಕಡೆ ಎರಡು ಸ್ವರ ಎದುರುಬದುರು ನಿಂತಿವೆ ಅಂತ ಕೆಂಪು ಗೆರೆ ಎಳೆದಿದ್ದೀರಿ. ಅದನ್ನು ದೋಷವೆಂದು ಕಟ್ಟುನಿಟ್ಟು ಮಾಡಿದ್ದು ಆಮೇಲಿನ ಕವಿ ಮಾಲೆರ್ಬ್. ಗೆರೆ ಅಳಿಸಿ.