ಅದು ಎಸ್ ಅಕ್ಷರವೋ, ಮನೆತನದ ಗುರುತೋ?

ಪ್ರಶ್ನೆ: ನನ್ನ ಮಗನಿಗೆ ಸೂಪರ್‌ಮ್ಯಾನ್ ಹುಚ್ಚು. ಹೊಸ ರೇನ್‌ಕೋಟಿನ ಎದೆ ಮೇಲೆ ಮಾರ್ಕರ್‌ನಲ್ಲಿ ಆ ಗುರುತು ಬರೆದಿಟ್ಟಿದ್ದಾನೆ. 'ಎಸ್ ಅಂದ್ರೆ ಸೂಪರ್‌ಮ್ಯಾನ್ ಅಲ್ವಾ' ಅಂದರೆ, 'ಅದು ಎಸ್ಸೇ ಅಲ್ಲ ಅಮ್ಮ' ಅಂತ ನಗುತ್ತಾನೆ. ಯಾರು ಸರಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಬ್ಬರೂ ಸರಿ. ಮಗ ಸ್ವಲ್ಪ ಜಾಸ್ತಿ ಸರಿ!

1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಸೂಪರ್‌ಮ್ಯಾನ್‌ನನ್ನು ಕಾಮಿಕ್ಸಿಗೆ ತಂದಾಗ ಅದು ಬರೀ ಇಂಗ್ಲಿಷಿನ ಎಸ್. ಆದರೆ 1978ರ ಸಿನಿಮಾದಲ್ಲಿ ಕ್ರಿಪ್ಟಾನ್ ಗ್ರಹದಲ್ಲಿರುವ ಅವನ ಅಪ್ಪ ಜೋರ್-ಎಲ್ ಎದೆಯ ಮೇಲೂ ಅದೇ ಗುರುತು ಇತ್ತು, ಅಂದರೆ ಮಗ ಸೂಪರ್‌ಮ್ಯಾನ್ ಆಗುವುದಕ್ಕೂ ಮುಂಚೆಯೇ ಅದು ಮನೆಯಲ್ಲಿತ್ತು, 'ಎಲ್' ಮನೆತನದ್ದು. 2013ರ ಸಿನಿಮಾದಲ್ಲಿ ಸೂಪರ್‌ಮ್ಯಾನೇ ಹೇಳುತ್ತಾನೆ, ನಮ್ಮ ಲೋಕದಲ್ಲಿ ಇದಕ್ಕೆ 'ಭರವಸೆ' ಅಂತ ಅರ್ಥ ಅಂತ. ಎಸ್ ಥರ ಕಾಣೋದು ಕಥೆಯೊಳಗೆ ಸುಮ್ನೆ ಕಾಕತಾಳೀಯ.

ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನೋಡಿ, ಅಲ್ಲಿ ತಂಡ ಇಳಿಯುವುದೇ ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿ. ಸೂಪರ್‌ಮ್ಯಾನ್‌ನ ಹುಟ್ಟು ಹೆಸರು ಕಾಲ್-ಎಲ್. ಅವನಿಗೆ ಮನೆತನದ ಹೆಸರು ಕೊನೆಗೆ, ಕೊಡವರಿಗೆ ಮೊದಲಿಗೆ, ಅಷ್ಟೇ.

ಇನ್ನು ರೇನ್‌ಕೋಟಿನ ವಿಷಯ. ಬೈಯಬೇಡಿ, ಸ್ಕೂಲಿನಲ್ಲಿ ಅದಲುಬದಲಾದರೆ ಹುಡುಕೋದು ಸುಲಭ.