ಯಾರ ಮನೆಯ ಹೆಪ್ಪು?

ಔಷಧಕ್ಕೆ ಬಗ್ಗದ ಸೋಂಕಿನಿಂದ ಮನೆಯಲ್ಲೊಬ್ಬರು ತೀರಿಕೊಂಡ ಮೇಲೆ, ಆ ಸಾವನ್ನು ಉಳಿದವರಲ್ಲಿ ಒಬ್ಬರ ತಲೆಗೆ ಕಟ್ಟುವ ಪ್ರಕರಣಗಳು ಧಾರವಾಡದ ನನ್ನ ಆಪ್ತಸಲಹಾ ಕೊಠಡಿಗೆ ಮತ್ತೆ ಮತ್ತೆ ಬರುತ್ತಿವೆ. ಆ ಒಬ್ಬರು ಹೆಚ್ಚಾಗಿ ಮನೆಯ ಸೊಸೆಯೇ ಆಗಿರುತ್ತಾರೆ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಗದಗ ಜಿಲ್ಲೆಯ ಹಳ್ಳಿಯೊಂದರ ಗೃಹಿಣಿ. ಸಕ್ಕರೆ ಕಾಯಿಲೆಯಿದ್ದ ಅತ್ತೆಗೆ ಮೂತ್ರದ ಸೋಂಕಾಗಿ, ಅದು ರಕ್ತಕ್ಕೇರಿ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದರು. ಸೋಂಕಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ, ಕರುಳಿನಲ್ಲಿ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯಾ ಕಂಡಿತ್ತು. ಕೆಳಗೆ ಪಟ್ಟಿ ಮಾಡಿದ್ದ ಔಷಧಗಳಲ್ಲಿ ಹೆಚ್ಚಿನವುಗಳ ಮುಂದೆ ‘ನಾಟದು’ ಎಂದು ಸೂಚಿಸುವ ‘ಆರ್’ ಅಕ್ಷರವಿತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ ಈಕೆ ನೆಗಡಿ, ಜ್ವರಕ್ಕೆಂದು ಅಂಗಡಿಯಿಂದ ಆಂಟಿಬಯೋಟಿಕ್ ತರಿಸಿ, ಎರಡು ದಿನ ನುಂಗಿ ಬಿಟ್ಟಿದ್ದರು. ಅತ್ತೆಯ ದಿನದ ಕಾರ್ಯಕ್ಕೆ ಬಂದ ನೆಂಟರೊಬ್ಬರು, “ಅರ್ಧಾ ಗುಳಿಗಿ ಬಿಟ್ಟು ಮನ್ಯಾಗ ಹುಳಾ ಬೆಳೆಸಿದಿ” ಎಂದರು.

ಅಂದಿನಿಂದ ಆಕೆ ಒಂದೊಂದು ರೊಟ್ಟಿ ಬಡಿಯುವ ಮೊದಲೂ ಸಾಬೂನಿನಿಂದ ಕೈ ತೊಳೆಯತೊಡಗಿದರು. ನನ್ನೆದುರು ಕೂತಾಗ ಬೆರಳ ಸಂದುಗಳು ಸೀಳಿ ಬಿಳಿಚಿದ್ದವು. ಮಗನಿಗೆ ಕೈತುತ್ತು ಹಾಕುವುದನ್ನು ನಿಲ್ಲಿಸಿದ್ದರು. ಅವನ ಕಿವಿ ಸೋರುತ್ತಿದ್ದುದಕ್ಕೆ ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ಸಿರಪ್ಪನ್ನು ಕುಡಿಸಿಯೇ ಇರಲಿಲ್ಲ. ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಈ ಕೊನೆಯ ಸಂಗತಿ.

“ನಿಮ್ಮದೇನೂ ತಪ್ಪಿಲ್ಲ” ಎಂದು ತವರಿನವರೆಲ್ಲ ಹೇಳಿಯಾಗಿತ್ತು. ಕೈ ತೊಳೆಯುವುದು ನಿಂತಿರಲಿಲ್ಲ. ಅದಕ್ಕೇ ನಾನು ಸೂಕ್ಷ್ಮಜೀವಿ ತಜ್ಞರೊಬ್ಬರಿಂದ ವಿಷಯವನ್ನು ಕೇಳಿ ತಿಳಿದುಕೊಂಡು, ಮುಂದಿನ ಭೇಟಿಯನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟೆ. ಔಷಧಕ್ಕೆ ಬಗ್ಗದಿರುವ ಈ ಪ್ರತಿರೋಧದ ಗುಣ ತಾಯಿ ಬ್ಯಾಕ್ಟೀರಿಯಾದಿಂದ ಮರಿಗಳಿಗೆ ಮಾತ್ರ ಇಳಿಯುವುದಿಲ್ಲ, ಅಕ್ಕಪಕ್ಕದವುಗಳಿಗೂ ದಾಟುತ್ತದೆ ಎಂದೆ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಆ ವಂಶವಾಹಿಗಳಿರುತ್ತವೆ. ಎರಡು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ತಗಲಿಕೊಂಡಾಗ ಉಂಗುರದ ಒಂದು ಎಳೆ ಆಚೆಗೆ ಹೋಗುತ್ತದೆ, ಎರಡೂ ಕಡೆ ಜೊತೆಯ ಎಳೆ ಹೊಸದಾಗಿ ಕೂಡಿಕೊಳ್ಳುತ್ತದೆ, ಆದ್ದರಿಂದ ಕೊಟ್ಟ ಬ್ಯಾಕ್ಟೀರಿಯಾವೂ ಆ ಗುಣವನ್ನು ಕಳೆದುಕೊಳ್ಳುವುದಿಲ್ಲ. ಪಡೆಯುವ ಬ್ಯಾಕ್ಟೀರಿಯಾ ಅದೇ ಜಾತಿಯದೇ ಆಗಬೇಕೆಂದಿಲ್ಲ. ಸತ್ತ ಬ್ಯಾಕ್ಟೀರಿಯಾ ಚೆಲ್ಲಿದ ಡಿಎನ್‌ಎ ಚೂರನ್ನು ಬದುಕಿರುವುದು ಹೀರಿಕೊಳ್ಳುವುದೂ, ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸುಗಳು ಅದನ್ನು ಹೊತ್ತೊಯ್ಯುವುದೂ ಉಂಟು.

ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹೆಪ್ಪು ಇದ್ದಂಗ್ರಿ ಮೇಡಂ. ಕೊಟ್ಟವರ ಮನ್ಯಾಗಿನ ಮೊಸರು ಖಾಲಿ ಆಗೂದಿಲ್ಲ. ನಮ್ಮ ಓಣ್ಯಾಗ ಈಗ ಯಾರ ಮನಿ ಹೆಪ್ಪು ಯಾರ ಮನ್ಯಾಗ ಐತಿ ಅಂತ ಹೇಳಾಕ ಬರೂದಿಲ್ಲ” ಎಂದರು.

ಹೆಪ್ಪಿನಲ್ಲಿ ಬ್ಯಾಕ್ಟೀರಿಯಾವೇ ಹೋಗುತ್ತದೆ, ಇಲ್ಲಿ ಹೋಗುವುದು ಅದರೊಳಗಿನ ಗುಣ ಮಾತ್ರ. ಆದರೂ ಆಕೆ ಕಂಡದ್ದು ಸರಿ. 1950ರ ದಶಕದಲ್ಲಿ ಜಪಾನಿನ ವೈದ್ಯರನ್ನು ಗೊಂದಲಕ್ಕೆ ತಳ್ಳಿದ್ದೂ ಇದೇ. ಆಮಶಂಕೆಯ ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಎಂಬ ನಾಲ್ಕು ಔಷಧಗಳಿಗೂ ಒಮ್ಮೆಲೇ ಬಗ್ಗದಾಗುತ್ತಿತ್ತು, ಒಂದೇ ಔಷಧ ಪಡೆದ ರೋಗಿಗಳಲ್ಲೂ ಹಾಗಾಗುತ್ತಿತ್ತು. ಆ ಗುಣಗಳೆಲ್ಲ ಒಟ್ಟಾಗಿ ಇ. ಕೊಲೈ ಮತ್ತು ಶಿಗೆಲ್ಲಾಗಳ ನಡುವೆ ದಾಟುತ್ತವೆಂದು ಅಲ್ಲಿಯ ವಿಜ್ಞಾನಿಗಳು 1959ರಲ್ಲಿ ತೋರಿಸಿದರು. ಹೀಗಿರುವಾಗ ಅತ್ತೆಯ ದೇಹಕ್ಕೆ ಆ ಗುಣ ಬಂದ ದಾರಿಯನ್ನು ಒಬ್ಬರ ಗುಳಿಗೆಯ ಪೊಟ್ಟಣದವರೆಗೆ ಹಿಂದಕ್ಕೆ ಎಳೆಯುವುದು ಹೇಗೆ? ಅತ್ತೆಯೇ ವರ್ಷಗಳಿಂದ ನುಂಗಿದ ಗುಳಿಗೆಗಳು, ಆಸ್ಪತ್ರೆಯಲ್ಲಿ ಹಾಕಿದ ಮೂತ್ರದ ನಳಿಗೆ, ಕುಡಿಯುವ ನೀರು, ಎಲ್ಲವೂ ದಾರಿಗಳೇ.

“ಆದ್ರ ನಂದೂ ಇರಬಹುದಲ್ರಿ?” ಎಂದು ಕೇಳಿದರು.

“ಇರಬಹುದು” ಎಂದೆ.

ಈ ಉತ್ತರಕ್ಕೆ ನನ್ನ ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಆದರೆ ‘ಇಲ್ಲ’ ಎಂಬ ಸುಳ್ಳು ಸಮಾಧಾನ ಅಂದು ಸಂಜೆಯವರೆಗೆ ಬಾಳುತ್ತಿತ್ತು. ಯಾರೋ ಒಬ್ಬರು “ಇರಬಹುದು” ಎಂದ ಕ್ಷಣ ಕುಸಿಯುತ್ತಿತ್ತು. ಇರಬಹುದಾದದ್ದನ್ನು ಒಪ್ಪಿಯೂ ಅದು ಸಾಬೀತಾದ ಅಪರಾಧವಲ್ಲವೆಂದು ತಿಳಿದು ಬದುಕಲು ಆಕೆಗೆ ಶಕ್ತಿಯಿದೆಯೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಜೊತೆಗೆ ನೆಂಟರ ಆರೋಪವೇ ಅರೆತಿಳಿವಿನದು. ಗುಳಿಗೆಯನ್ನು ಪೂರ್ತಿ ನುಂಗಿದರೂ ಕರುಳಿನಲ್ಲಿ ಬಗ್ಗುವ ಬ್ಯಾಕ್ಟೀರಿಯಾ ಸತ್ತು ಬಗ್ಗದವು ಉಳಿಯುತ್ತವೆ. ಆ ನೆಗಡಿಗೆ ಗುಳಿಗೆಯೇ ಬೇಕಿರಲಿಲ್ಲ ಎಂಬುದು ದೊಡ್ಡ ಮಾತು. ಹಲವು ಆಂಟಿಬಯೋಟಿಕ್‌ಗಳನ್ನು 2014ರಿಂದ ಔಷಧ ನಿಯಮಗಳ ಎಚ್1 ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಬರೆದಿಡಬೇಕು ಎಂಬ ನಿಯಮವಿರುವಾಗ, ಹೊಣೆ ಅಂಗಡಿಯ ಕಟ್ಟೆಯ ಆಚೆ ನಿಂತು ಮಾರಿದವರದೂ ಹೌದು.

ಸಲಹೆ ಇಷ್ಟು: ಅಡುಗೆಗೆ ಮೊದಲು, ಶೌಚದ ನಂತರ, ರೋಗಿಯ ಆರೈಕೆಯ ಹಿಂದೆ ಮುಂದೆ ಕೈ ತೊಳೆಯಬೇಕು, ರೊಟ್ಟಿ ರೊಟ್ಟಿಗೂ ಅಲ್ಲ. ಮಗನನ್ನು ನಾಳೆಯೇ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಔಷಧ ಕೊಡಬೇಕು, ಉಳಿದದ್ದನ್ನು ಮತ್ತೊಬ್ಬರಿಗೆ ಕೊಡಬಾರದು. ತೊಳೆಯುವ ಒತ್ತಡ ತಗ್ಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಅವರ ಬಳಿಗೆ ಕಳಿಸುವ ಚೀಟಿಯನ್ನೂ ಬರೆದುಕೊಟ್ಟೆ.

ಗಂಡನನ್ನು ಬೇರೆಯಾಗಿ ಕರೆಸಿದೆ. ಕಲ್ಚರ್ ವರದಿ ಯಾವ ಔಷಧ ನಾಟುತ್ತದೆಂದು ಹೇಳುತ್ತದೆಯೇ ಹೊರತು ಯಾರಿಂದ ಬಂತೆಂದು ಹೇಳುವುದಿಲ್ಲ ಎಂದು ವಿವರಿಸಿ, ಆ ಮಾತನ್ನು ನೆಂಟರೆದುರು ನೀವೇ ಆಡಬೇಕು, ಹೆಂಡತಿಯಿಂದ ಆಡಿಸಬಾರದು ಎಂದೆ. ಅವರು ಆಡಿದರು. ಮಗನ ಕಿವಿ ವಾಸಿಯಾಗಿದೆ. ಆಕೆ ಈಗ ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾರೆ.